ಇಕಿ ಕುಬಸದ ಬಣ್ಣ

ವಿಜಯಪುರದ ಸೊಲ್ಲಾಪುರ ರಸ್ತೆಯಲ್ಲಿ ಟ್ರ್ಯಾಕ್ಟರ್ ಟ್ರಾಲಿ ಕಟ್ಟುವ ವರ್ಕ್‌ಶಾಪೊಂದರ ಮೇಲೆ ನನ್ನ ಮನೆ. ಎರಡು ಖೋಲಿ, ಮುಂದೊಂದು ಬಾಲ್ಕನಿ. ಬೆಳಗ್ಗೆ ಒಂಬತ್ತಕ್ಕೆ ಕೆಳಗೆ ಸುತ್ತಿಗೆ ಶುರುವಾದರೆ ಸಂಜೆ ಏಳಕ್ಕೆ ನಿಲ್ಲುತ್ತದೆ. ಇಂಥ ಗದ್ದಲದಲ್ಲಿ ಹೇಗಿರುತ್ತೀರಿ ಎಂದು ಕೇಳಿದವರಿಗೆ ರೂಢಿಯಾಗಿದೆ ಎನ್ನುತ್ತೇನೆ. ಖರೇ ಹೇಳಬೇಕೆಂದರೆ ಭಾನುವಾರ ವರ್ಕ್‌ಶಾಪಿಗೆ ರಜೆ, ಮತ್ತು ಆ ದಿನವೇ ನನಗೆ ಇರಲು ಕಷ್ಟ. ಸದ್ದಿಲ್ಲದ ಮನೆಯಲ್ಲಿ ನಾನು ಚಹಾ ಸುರಿಯುವ ಸಪ್ಪಳವೂ ನನಗೆ ಕೇಳಿಸುತ್ತದೆ.

ಮೂವತ್ತೊಂದು ವರ್ಷ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಚಿತ್ರಕಲೆ ಕಲಿಸಿದೆ. ಮದುವೆಯಾಗಲಿಲ್ಲ. ಅದಕ್ಕೆ ದೊಡ್ಡ ಕಥೆಯೇನಿಲ್ಲ. ನೋಡಲು ಬಂದವರು ನನಗೆ ಒಪ್ಪಿಗೆಯಾಗಲಿಲ್ಲ, ಒಪ್ಪಿಗೆಯಾದ ಒಬ್ಬರಿಗೆ ನನ್ನ ನಾಲಿಗೆ ಒಪ್ಪಿಗೆಯಾಗಲಿಲ್ಲ. ಅಪ್ಪ ಅವ್ವ ಹೋಗಿ ಬಹಳ ವರ್ಷಗಳಾದವು. ನಿವೃತ್ತಿಯ ದಿನ ಸಹೋದ್ಯೋಗಿಗಳು ಹಾರ ಹಾಕಿ ಕೈಗೊಂದು ಪ್ಲಾಸ್ಟಿಕ್ ಗೋಳಗುಮ್ಮಟ ಕೊಟ್ಟರು. ಗುಮ್ಮಟದ ಎದುರಿನ ಅಂಗಡಿಗಳಲ್ಲಿ ಪ್ರವಾಸಿಗರಿಗೆ ಮಾರುತ್ತಾರಲ್ಲ, ಅದೇ. ಗುಮ್ಮಟದ ನೆರಳಲ್ಲೇ ಹುಟ್ಟಿ ಬೆಳೆದವಳಿಗೆ ಅದನ್ನು ಕೊಡುವ ವಿಚಾರ ಯಾರ ತಲೆಗೆ ಹೊಳೆಯಿತೋ. ಸಿಟ್ಟು ಬಂದಿತ್ತು. ಆದರೂ ಟಿವಿಯ ಪಕ್ಕ ಇಟ್ಟಿದ್ದೇನೆ.

ಹೂವಿನ ಚಿತ್ರ ಎಂದರೆ ನನಗೆ ಮೊದಲಿನಿಂದ ಹುಚ್ಚು. ಹೂದಾನಿಯಲ್ಲಿ ಜೋಡಿಸಿಟ್ಟು ಬರೆಯುವ ಹೂವಲ್ಲ. ಸಸ್ಯಶಾಸ್ತ್ರದ ಹಳೆಯ ಪುಸ್ತಕಗಳಲ್ಲಿ ಇರುತ್ತವಲ್ಲ, ಬಿಳಿ ಕಾಗದದ ನಡುವೆ ಒಂದೇ ಒಂದು ಗಿಡದ ಟೊಂಗೆ, ಇದ್ದಷ್ಟೇ ಅಳತೆಯಲ್ಲಿ, ಒಂದು ಎಲೆ ಮಗುಚಿ ಬೆನ್ನು ತೋರಿಸುವಂತೆ, ಕೆಳಗೆ ಕಾಯಿ ಸೀಳಿ ಬೀಜ ತೋರಿಸುವಂತೆ, ಅಂಥ ಚಿತ್ರಗಳು. ಅವುಗಳನ್ನು ಬರೆದ ನಮ್ಮ ದೇಶದ ಕಲಾವಿದರಲ್ಲಿ ಎಷ್ಟೋ ಮಂದಿಯ ಹೆಸರು ಕೂಡ ಉಳಿದಿಲ್ಲ. ತೋಟ ಸಾಹೇಬರದು, ಹೂವು ಸಾಹೇಬರದು, ಪುಸ್ತಕವೂ ಸಾಹೇಬರದು, ಬರೆದವರು ಯಾರೋ. ಕಾಲೇಜೊಂದರ ಲೈಬ್ರರಿಯಲ್ಲಿ ಕುಳಿತು ಅವನ್ನು ನಕಲು ಮಾಡುತ್ತಾ ನಾನು ಎಷ್ಟೋ ರಜೆಗಳನ್ನು ಕಳೆದಿದ್ದೇನೆ.

ಅದನ್ನು ಯಾರಿಂದಲೋ ತಿಳಿದುಕೊಂಡು, ನಾನು ನಿವೃತ್ತಳಾದ ಎರಡನೆಯ ವರ್ಷ ಬಬಲೇಶ್ವರದಿಂದ ಒಬ್ಬರು ಹುಡುಕಿಕೊಂಡು ಬಂದರು. ಊರಲ್ಲಿ ಬೀಜ, ಗೊಬ್ಬರದ ಅಂಗಡಿ ಇಟ್ಟವರು. ಐವತ್ತರ ಆಸುಪಾಸು. ಬಗಲಲ್ಲಿ ಹಳೆಯ ಧೋತರದಲ್ಲಿ ಸುತ್ತಿದ ಗಂಟು.

"ಮೇಡಂ, ನಮ್ಮ ಮುತ್ತ್ಯಾನ ಅಣ್ಣ ತಗದಿದ್ದು ಹೂವಿನ ಚಿತ್ರ ಅದಾವ್ರೀ. ಅರ್ಧಮರ್ಧ ಉಳದಾವ. ನೀವು ಬಣ್ಣ ತುಂಬಿ ಕೊಟ್ರ ಹೊಸಾ ಮನಿ ಹಾಲಿನ್ಯಾಗ ಫ್ರೇಮ್ ಹಾಕಸ್ತೇನ್ರೀ."

"ಗ್ವಾಡಿಗಿ ಹಚ್ಚಾಕ ಹೂವಿನ ಕಾಗದ ಅಂಗಡ್ಯಾಗ ಸಿಗ್ತಾವಲ್ರೀ, ಅವನ್ನ ಹಚ್ಚರಿ," ಎಂದೆ. ನಾನು ಚೇಷ್ಟೆ ಮಾಡಿದೆ ಎಂದುಕೊಂಡು ಅವರು ನಕ್ಕು ಗಂಟು ಬಿಚ್ಚಿದರು. ನಾನು ಹತ್ತಿರ ಸರಿದು ಕೂತೆ.

ಹದಿನೆಂಟು ಹಾಳೆಗಳು. ದಪ್ಪ ವಿಲಾಯತಿ ಕಾಗದ, ಅಂಚು ಕಂದಿದೆ. ಜಿನಿಯಾ, ಚೆಂಡುಹೂ, ಸೇವಂತಿ, ದಾಸವಾಳ. ಪೆನ್ಸಿಲ್ಲಿನ ಗೆರೆ ಎಂಥದ್ದೆಂದರೆ ಎಲ್ಲಿಯೂ ಎರಡನೇ ಸಲ ತಿದ್ದಿಲ್ಲ. ಒಂದು ಎಲೆಯಲ್ಲಿ ಹುಳ ತಿಂದ ತೂತನ್ನೂ ಬಿಡದೆ ಬರೆದಿದ್ದಾನೆ. ಕೆಲವು ಹಾಳೆಗಳಲ್ಲಿ ಒಂದೆರಡು ಎಲೆಗೆ ಬಣ್ಣ ಬಿದ್ದಿದೆ, ಉಳಿದವು ಬರೀ ರೇಖೆ. ಅವರು ಹೇಳಿದ್ದಿಷ್ಟು. ಅಜ್ಜನ ಅಣ್ಣನಾದ ಈ ದೊಡ್ಡಮುತ್ತ್ಯಾ ಡ್ರಾಯಿಂಗ್ ಮಾಸ್ತರ. ಬ್ರಿಟಿಷರ ಕಾಲಕ್ಕೆ ವಿಜಯಪುರದಲ್ಲಿದ್ದ ಒಬ್ಬ ಸಾಹೇಬನ ಹೆಂಡತಿ ತನ್ನ ಬಂಗಲೆಯ ತೋಟದ ಹೂವುಗಳನ್ನೆಲ್ಲ ಇವನಿಂದ ಬರೆಸಿದಳು. ಇವನು ಸೈಕಲ್ ಮೇಲೆ ಹೋಗಿ ತೋಟದಲ್ಲಿ ಕೂತು ರೇಖೆ ಹಾಕಿಕೊಂಡು ಬಂದು, ಬಬಲೇಶ್ವರದ ಮನೆಯಲ್ಲಿ ಬಣ್ಣ ತುಂಬುತ್ತಿದ್ದ. ಸಾಹೇಬನಿಗೆ ವರ್ಗವಾಯಿತು. ಮುಗಿದ ಚಿತ್ರಗಳು ಅವಳ ಜೊತೆ ಹಡಗು ಹತ್ತಿದವು, ಮುಗಿಯದವು ಟ್ರಂಕಿನಲ್ಲಿ ಉಳಿದವು.

ಮನೆ ಮುಟ್ಟುವಷ್ಟರಲ್ಲಿ ಹೂವು ಬಾಡುತ್ತದೆ. ಅದಕ್ಕೇ ಪ್ರತಿ ಹೂವಿನ ಪಕ್ಕ ಸಣ್ಣಗೆ ಪೆನ್ಸಿಲ್ಲಿನಲ್ಲಿ ಬಣ್ಣದ ಗುರುತು ಬರೆದುಕೊಂಡಿದ್ದ. ಹಳೆಯ ಕಲಾವಿದರೆಲ್ಲ ಹೀಗೆ ಮಾಡುತ್ತಿದ್ದರು. ಆದರೆ ಇವನು ಬಣ್ಣಗಳ ಹೆಸರು ಬರೆದಿರಲಿಲ್ಲ, ಮನೆಯಲ್ಲಿ ಕಣ್ಣಿಗೆ ಬೀಳುವ ವಸ್ತುಗಳನ್ನು ಬರೆದಿದ್ದ. 'ಅರಿಷಿಣಕ್ಕ ಚೂರು ಸುಣ್ಣ.' 'ಕುಸುಬಿ ಹೂ, ಬಾಡಿದ್ದು.' 'ನಮ್ಮ ಗಂಗಾಳದ ತಳ.' ಓದುತ್ತಾ ಓದುತ್ತಾ ನನಗೆ ಅವನ ಮನೆಯೊಳಗೆ ಓಡಾಡಿದ ಹಾಗಾಯಿತು. ಕರ್ಣಕುಂಡಲದ ಹಾಳೆಯ ಪಕ್ಕ ಎರಡೇ ಶಬ್ದ ಇದ್ದವು: 'ಇಕಿ ಕುಬಸ.'

ಇಕಿ ಎಂದರೆ ಹೆಂಡತಿ, ಕುಬಸ ಎಂದರೆ ಅವಳ ರವಿಕೆ ಎಂದು ತಿಳಿಯಲು ಬುದ್ಧಿ ಬೇಕಾಗಿರಲಿಲ್ಲ. ಹೆಂಡತಿಯ ಹೆಸರನ್ನು ಬಾಯಲ್ಲಿ ಹೇಳದ ಗಂಡಸು ಕಾಗದದ ಮೇಲೂ ಬರೆದಿರಲಿಲ್ಲ.

ಕರ್ಣಕುಂಡಲವನ್ನು ಕೆಲವರು ಗೌರಿ ಹೂ ಎನ್ನುತ್ತಾರೆ. ಕಾಯಿ ಮುಟ್ಟಿದರೆ ಪಟ್ಟೆಂದು ಸಿಡಿಯುವ ಗಿಡ. ಬಿಳಿ, ಗುಲಾಬಿ, ಕೆಂಪು, ನೇರಳೆ, ಯಾವ ಬಣ್ಣವೂ ಇರಬಹುದು. ಯಾವಾಗಲೋ ಸತ್ತುಹೋದವಳ ಕುಬಸದ ಬಣ್ಣವನ್ನು ನಾನು ಎಲ್ಲಿಂದ ತರಲಿ? ಎರಡು ದಿನ ಯೋಚಿಸಿ, ಮೂರನೆಯ ದಿನ ಬೇಸತ್ತು ರಾಣಿ ಬಣ್ಣದ ಗುಲಾಬಿ ತುಂಬಿದೆ. ನನ್ನ ಕೈಗೆ ಸಲೀಸಾಗಿ ಬರುವ ಬಣ್ಣ ಅದು. ಚಂದ ಬಂತು ಕೂಡ. ಆಮೇಲೆ ಏನು ಮಾಡಿದೆ ಎಂದರೆ, ಮೂವತ್ತೊಂದು ವರ್ಷ ಮಕ್ಕಳಿಗೆ ಏನು ಹೇಳಿಕೊಟ್ಟಿದ್ದೆನೋ ಅದನ್ನೇ ಮಾಡಿದೆ. ಬಣ್ಣ ಹಾಕಿದ ಮೇಲೆ ಪೆನ್ಸಿಲ್ ಕಾಣಬಾರದು ಎಂದು ರಬ್ಬರಿನಿಂದ ಅವನ ಅಕ್ಷರಗಳನ್ನೆಲ್ಲ ಒರೆಸಿದೆ. ಪ್ರದರ್ಶನಕ್ಕೆ ಮಕ್ಕಳ ಚಿತ್ರ ಅಂಟಿಸುತ್ತಿದ್ದ ಹಾಗೆ ಮೈದಾಹಿಟ್ಟಿನ ಸರಿ ಕಾಯಿಸಿ, ಹದಿನೆಂಟೂ ಹಾಳೆಗಳನ್ನು ರಟ್ಟಿಗೆ ಅಂಟಿಸಿದೆ. ಹಿಂದೆ ತಿರುಗಿಸಿಯೂ ನೋಡಲಿಲ್ಲ. ಮಕ್ಕಳ ಚಿತ್ರದ ಹಿಂದೆ ನೋಡಲು ಏನಿರುತ್ತದೆ? ಪುಣ್ಯಕ್ಕೆ ಒರೆಸುವ ಮೊದಲು ಗುರುತುಗಳನ್ನು ನನ್ನ ವಹಿಯಲ್ಲಿ ಬರೆದಿಟ್ಟುಕೊಂಡಿದ್ದೆ.

ಬಬಲೇಶ್ವರದವರು ನೋಡಿ ಖುಷಿಪಟ್ಟರು. ಫ್ರೇಮಿಗೆ ಕೊಡುವ ಮೊದಲು ಒಂದು ಮಾತು ಹೇಳಿದರು.

"ತಿಕೋಟಾದಾಗ ನಮ್ಮ ಅತ್ತಿ ಅದಾಳ್ರೀ. ಚಿತ್ರ ತಗದಾಂವನ ಮಗಳು, ಒಬ್ಬಾಕೀನ. ತೊಂಬತ್ತರ ಹತ್ರ ಬಂದಾಳ. ಒಮ್ಮೆ ಆಕಿಗಿ ತೋರಿಸಿ ಬರೂಣೇನ್ರೀ?"

ಹೋದೆವು. ತಿಕೋಟಾದಲ್ಲಿ ದೊಡ್ಡ ಮನೆ, ತುಂಬಿದ ಮನೆ. ಮಗ ಮತ್ತು ಮೊಮ್ಮಕ್ಕಳು ಕಳ್ಳಕವಟಗಿ ಕಡೆಯ ದ್ರಾಕ್ಷಿ ತೋಟಕ್ಕೆ ಹೋಗಿದ್ದರು. ಸೊಸೆ ಚಹಾ ತಂದಳು. ಹೊರಸಿನ ಮೇಲೆ ದಿಂಬಿಗೆ ಒರಗಿ ಕೂತಿದ್ದ ಆಯಿ ಸಣ್ಣಗೆ, ಬೆಳ್ಳಗೆ ಇದ್ದಳು. ಕಣ್ಣು ಮಂಜಾಗಿತ್ತು, ಕಿವಿ ಮಾತ್ರ ಪಕ್ಕಾ. ಹಾಳೆಗಳನ್ನು ಒಂದೊಂದಾಗಿ ಮೂಗಿನ ಹತ್ತಿರ ಹಿಡಿದು ನೋಡಿದಳು. ಬಣ್ಣದ ಗುರುತುಗಳ ಸುದ್ದಿ ಹೇಳಿದಾಗ, ಅಪ್ಪ ಏನೇನು ಬರೆದಿದ್ದ, ಓದಿ ಹೇಳಿರಿ ಎಂದಳು. ನಾನು ವಹಿ ತೆಗೆದು ಓದಿದೆ. ಗಂಗಾಳದ ತಳ ಎಂದಾಗ ಬಾಯಿ ತುಂಬ ನಕ್ಕಳು. ಉಣ್ಣುವ ಆ ಹಿತ್ತಾಳೆ ಗಂಗಾಳ ಅವಳಿಗೆ ನೆನಪಿತ್ತು. 'ಇಕಿ ಕುಬಸ' ಎಂದಾಗ ನಗು ನಿಂತಿತು.

"ಇನ್ನೊಮ್ಮೆ ಹೇಳ್ರಿ ಅಕ್ಕೋರ."

ಹೇಳಿದೆ.

"ಇಕಿ ಅಂದ್ರ ನಮ್ಮವ್ವ," ಎಂದಳು. "ನಾ ಇನ್ನಾ ಅಂಬೆಗಾಲು ಇಡಾಕತ್ತಿದ್ದೆನಂತ, ಆಗ ಹೋದ್ಳು. ಮುಂದ ಮಲತಾಯಿ ಬಂದ್ಳು. ಆಕೀನೂ ಚಲೋನ ನೋಡ್ಕೊಂಡಾಳ, ಸುಳ್ಳ್ಯಾಕ ಹೇಳ್ಲಿ. ಆದ್ರ ಆ ಮನ್ಯಾಗ ನಮ್ಮವ್ವನ ಸುದ್ದಿ ಯಾರೂ ತಗೀಲಿಲ್ಲ. ಒಂದ ಫೋಟೋ ಇಲ್ಲ, ಒಂದ ಸೀರಿ ಇಲ್ಲ. ಬೆಳ್ಳಗಿದ್ಳೋ ಕರ್ರಗಿದ್ಳೋ, ಅದೂ ನನಗ ಗೊತ್ತಿಲ್ಲ."

ಆಮೇಲೆ ಕರ್ಣಕುಂಡಲದ ರಟ್ಟನ್ನು ಕಿಟಕಿಯ ಬೆಳಕಿಗೆ ಹಿಡಿದಳು. "ಹಂಗಾರ ಇದೇನು, ನಮ್ಮವ್ವ ತೊಡೋ ಬಣ್ಣ?"

ಇಲ್ಲ ಆಯಿ, ಅದು ನಾನು ಅಂದಾಜಿಗೆ ಹಾಕಿದ್ದು ಎಂದು ಹೇಳಲು ಎಷ್ಟು ಹೊತ್ತು ಬೇಕಿತ್ತು? ಬಬಲೇಶ್ವರದವರು ಪಕ್ಕದಲ್ಲಿ ಕೂತಿದ್ದರು. ಅವರ ಮುಂದೆ ಮರ್ಯಾದೆ ಹೋಗುತ್ತದೆಂಬ ಅಂಜಿಕೆ ಒಂದು. ಅದಕ್ಕಿಂತ ಹೆಚ್ಚಾಗಿ, ನಾನು ಹಾಕಿದ ಬಣ್ಣವನ್ನು ಯಾರೂ ಯಾವತ್ತೂ ಹಾಗೆ ನೋಡಿರಲಿಲ್ಲ.

"ಹೌದ್ರೀ ಆಯಿ," ಎಂದೆ.

ಅವಳು ಹೂವಿನ ಮೇಲೆ ಬೆರಳಾಡಿಸಿದಳು. ಚಿತ್ರದ ಮೇಲೆ ಕೈ ಇಟ್ಟ ಮಕ್ಕಳ ಬೆರಳಿಗೆ ಸ್ಕೇಲಿನಿಂದ ಹೊಡೆದವಳು ನಾನು. ಅಂದು ರಟ್ಟನ್ನು ಅವಳ ಹತ್ತಿರಕ್ಕೆ ಸರಿಸಿದೆ.

ಹದಿನೈದು ದಿನ ಬಿಟ್ಟು ತಿಕೋಟಾದಿಂದ ಫೋನ್ ಬಂತು. ಸೊಸೆ ನಗುತ್ತಿದ್ದಳು. ಆಯಿ ಹಟ ಹಿಡಿದು ಅದೇ ಬಣ್ಣದ ಕುಬಸ ಹೊಲಿಸಿಕೊಂಡಿದ್ದಾಳೆ, ಅಕ್ಕೋರು ಬಂದು ನೋಡಬೇಕಂತೆ. ಭಾನುವಾರ ಹೋದೆ. ಮುಪ್ಪಿನ ತೋಳುಗಳಿಗೆ ರಾಣಿ ಬಣ್ಣದ ತೋಳು. ಸೊಸೆ, "ಮದುವಣಗಿತ್ತಿ ಆಗ್ಯಾಳ ನೋಡ್ರಿ ನಮ್ಮತ್ತಿ," ಎಂದು ಚೇಷ್ಟೆ ಮಾಡಿದರೆ ಆಯಿ ಸೆರಗು ಸರಿಸಿ ತೋಳು ಇನ್ನಷ್ಟು ತೋರಿಸಿದಳು. ಓಣಿಯ ಹೆಂಗಸರು ಬಂದಾಗೆಲ್ಲ, "ನಮ್ಮವ್ವನ ಬಣ್ಣ ಇದು. ಈ ಅಕ್ಕೋರು ಹುಡುಕಿ ಕೊಟ್ರು," ಎನ್ನುತ್ತಿದ್ದಳು. ನಾನು ತಲೆ ತಗ್ಗಿಸಿ ಚಹಾ ಕುಡಿದೆ. ಸಂಕೋಚ ಎಂದುಕೊಂಡರು.

ಅಲ್ಲಿಂದ ಭಾನುವಾರಗಳು ಬದಲಾದವು. ಬೆಳಗ್ಗೆ ಎದ್ದು ತಲೆಗೆ ಎರೆದುಕೊಂಡು ತಿಕೋಟಾ ಬಸ್ಸು ಹಿಡಿಯುವುದು. ಕಿಟಕಿಯ ಪಕ್ಕ ಸೀಟು ಸಿಗದಿದ್ದರೂ ಕಂಡಕ್ಟರನ ಜೊತೆ ಜಗಳ ತೆಗೆಯುತ್ತಿರಲಿಲ್ಲ. ಆ ಮನೆಯಲ್ಲಿ ನನಗೆಂದು ಒಂದು ತಾಟು ಇತ್ತು. ಬಿಸಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. "ಅಕ್ಕೋರ, ಸೊರಗೀರಿ ಯಾಕ?" ಎಂದು ಕೇಳುವವರು ಇದ್ದರು. ನಾಲ್ಕೈದು ತಿಂಗಳಲ್ಲಿ ಆಯಿ ನನ್ನನ್ನು ಬಹುವಚನ ಬಿಟ್ಟು 'ನೀ' ಎನ್ನತೊಡಗಿದಳು. ಆ ದಿನ ಬಸ್ಸಿನಲ್ಲಿ ಬರುವಾಗ ನಾನು ಅತ್ತಿದ್ದೇನೆ, ಹೇಳಿಕೊಳ್ಳಲು ನಾಚಿಕೆಯೇನಿಲ್ಲ. ನನ್ನನ್ನು ಏಕವಚನದಲ್ಲಿ ಕರೆಯುವವರು ಆಗ ಈ ಲೋಕದಲ್ಲಿ ಬೇರೆ ಯಾರೂ ಉಳಿದಿರಲಿಲ್ಲ.

ಸುಳ್ಳು ನೆನಪಾಗುತ್ತಿರಲಿಲ್ಲವೇ? ಆಗುತ್ತಿತ್ತು. ಆದರೆ ಯಾವುದು ಸುಳ್ಳು ಎಂದು ನನಗೆ ನಾನೇ ವಾದ ಹೂಡುತ್ತಿದ್ದೆ. ಖರೇ ಬಣ್ಣ ಯಾರಿಗೂ ಗೊತ್ತಿಲ್ಲ, ಗುಲಾಬಿಯೇ ಇದ್ದಿರಲೂಬಹುದು. ಮುದುಕಿ ಖುಷಿಯಾಗಿದ್ದಾಳೆ, ಯಾರ ಗಂಟು ಹೋಯಿತು? ಹೀಗೆ ವಾದಿಸುವುದು ಒಬ್ಬಂಟಿಯಾಗಿರುವವರಿಗೆ ಬಹಳ ಸುಲಭ, ಎದುರು ಮಾತಾಡುವವರೇ ಇರುವುದಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ಬಬಲೇಶ್ವರದವರು ಮತ್ತೆ ಬಂದರು. ಹೊಸ ಮನೆಯ ಗೋಡೆ ಇನ್ನೂ ಹಸಿ ಇತ್ತಂತೆ. ಮೂರು ಫ್ರೇಮುಗಳಲ್ಲಿ ಹಾಳೆ ಉಬ್ಬಿ ಎದ್ದಿತ್ತು. "ಒಂಚೂರು ಮತ್ತ ಅಂಟಿಸಿ ಕೊಡ್ರಿ ಮೇಡಂ," ಎಂದು ಬಿಟ್ಟುಹೋದರು. ಮೂರರಲ್ಲಿ ಒಂದು ಕರ್ಣಕುಂಡಲ.

ರಟ್ಟಿನ ಹಿಂದಿನಿಂದ ಒದ್ದೆ ಬಟ್ಟೆ ಹಾಕಿ ಹಿಟ್ಟಿನ ಸರಿಯನ್ನು ಮೆತ್ತಗೆ ಮಾಡಿ, ಅಂಚಿನಿಂದ ನಿಧಾನಕ್ಕೆ ಬಿಡಿಸಿದೆ. ಹಾಳೆ ಪೂರ್ತಿ ಎದ್ದ ಮೇಲೆ ಮಗುಚಿದೆ. ಹಿಂಬದಿಯ ಕೆಳಮೂಲೆಯಲ್ಲಿ ಬೆರಳಿನ ಉಗುರಿನಷ್ಟು ಬಣ್ಣವಿತ್ತು.

ಬಣ್ಣ ಕಲಸಿದವನು ಹೂವಿಗೆ ಹಚ್ಚುವ ಮೊದಲು ಎಲ್ಲಾದರೂ ಹಚ್ಚಿ ನೋಡಿಯೇ ನೋಡುತ್ತಾನೆ. ಅಂಚಿನಲ್ಲೋ, ಹಿಂದೆಯೋ. ಇದು ನನಗೆ ಗೊತ್ತಿರಬೇಕಾಗಿತ್ತು. ಗೊತ್ತಿತ್ತು. ಪುಸ್ತಕಗಳಲ್ಲಿ ಓದಿದ್ದೆ, ನನ್ನ ಹಾಳೆಗಳ ಹಿಂದೆಯೂ ಅಂಥ ಕಲೆಗಳಿವೆ. ಆದರೂ ಶಾಲೆಯ ಬೋರ್ಡಿಗೆ ಅಂಟಿಸುವವಳ ಹಾಗೆ ಭರದಲ್ಲಿ ಅದರ ಮೇಲೆ ಹಿಟ್ಟು ಬಳಿದಿದ್ದೆ. ಒದ್ದೆ ಅರಿವೆಯಿಂದ ಮೆಲ್ಲಗೆ ಹಿಟ್ಟು ತೆಗೆದೆ. ನೇರಳೆ. ಬರೀ ನೇರಳೆಯಲ್ಲ; ಮೊದಲು ಕುಂಕುಮದಂಥ ಕೆಂಪು ಹಚ್ಚಿ, ಒಣಗಿದ ಮೇಲೆ ಅದರ ಮೇಲೆ ತೆಳ್ಳಗೆ ನೀಲಿ ಎಳೆದಿದ್ದ. ಒಂದು ಕಡೆಯಿಂದ ನೋಡಿದರೆ ಕೆಂಪು ಮಿಂಚುತ್ತದೆ, ಇನ್ನೊಂದು ಕಡೆಯಿಂದ ನೇರಳೆ. ಎರಡು ಬಣ್ಣದ ನೂಲಿನಲ್ಲಿ ನೇಯ್ದ ಕುಬಸದ ಖಣ ನೋಡಿದ ಯಾರಿಗಾದರೂ ಗೊತ್ತಾಗುತ್ತದೆ. ಕುಬಸವನ್ನು ಎದುರಿಗೆ ಇಟ್ಟುಕೊಂಡೋ, ತೊಟ್ಟವಳನ್ನು ಎದುರಿಗೆ ಕೂರಿಸಿಕೊಂಡೋ ಕಲಸಿದ ಬಣ್ಣ ಅದು. ಬಣ್ಣ ಕಲಸಿದ್ದ, ಹೂವಿಗೆ ಮಾತ್ರ ಹಚ್ಚಿರಲಿಲ್ಲ. ಸಾಹೇಬನಿಗೆ ವರ್ಗವಾಯಿತೆಂದೋ, ಇಕಿ ಹೋದಳೆಂದೋ, ನನಗೆ ಗೊತ್ತಿಲ್ಲ.

ಎರಡು ಭಾನುವಾರ ತಿಕೋಟಾಕ್ಕೆ ಹೋಗಲಿಲ್ಲ. ನೆಗಡಿ ಎಂದು ಸೊಸೆಗೆ ಫೋನಿನಲ್ಲಿ ಹೇಳಿದೆ. ಆ ಮೂಲೆಯನ್ನು ಮತ್ತೆ ಹಿಟ್ಟಿನಿಂದ ಮುಚ್ಚಿದರೆ ಲೋಕದಲ್ಲಿ ಯಾರಿಗೂ ತಿಳಿಯುವುದಿಲ್ಲ. ತೊಂಬತ್ತರ ಮುದುಕಿ ಇನ್ನೆಷ್ಟು ದಿನ ಇದ್ದಾಳು? ಅಲ್ಲಿಯವರೆಗೆ ನನಗೆ ಒಂದು ತಾಟು, ಒಂದು ಮನೆ. ಒಂದು ಸಲ ಹಿಟ್ಟು ಕಾಯಿಸಿಯೂ ಬಿಟ್ಟೆ. ಬಟ್ಟಲು ಹಿಡಿದುಕೊಂಡು ಬಹಳ ಹೊತ್ತು ಕೂತೆ. ಅವಳಿಗೆ ಅವ್ವನದೆಂದು ಲೋಕದಲ್ಲಿ ಇರುವುದು ಉಗುರಿನಷ್ಟು ಜಾಗ. ಅದನ್ನೂ ನಾನು ಮುಚ್ಚಬೇಕೇ? ನನ್ನ ಮೇಲೆಯೇ ಹೇಸಿಗೆ ಬಂತು. ಹಿಟ್ಟನ್ನು ಮೋರಿಗೆ ಸುರಿದೆ.

ಆದರೆ ಉಗುರಿನಷ್ಟು ಬಣ್ಣ ಆಯಿಯ ಮಂಜುಗಣ್ಣಿಗೆ ಕಾಣುವ ಹಾಗಿರಲಿಲ್ಲ. ಅದಕ್ಕೇ ನನ್ನಲ್ಲಿದ್ದ ಒಳ್ಳೆಯ ಕಾಗದದ ಪೂರ್ತಿ ಹಾಳೆ ತೆಗೆದುಕೊಂಡು, ಅವನು ಮಾಡಿದ ಹಾಗೆಯೇ ಮೊದಲು ಕೆಂಪು ಹಚ್ಚಿ ಒಣಗಿಸಿದೆ, ಮೇಲೆ ನೀಲಿ ಎಳೆದೆ. ಸರಿಬರಲಿಲ್ಲ. ಆರು ಹಾಳೆ ಹಾಳಾದವು. ಏಳನೆಯದು ಅವನ ಗುರುತಿನ ಪಕ್ಕ ಇಟ್ಟರೆ ಎಲ್ಲಿ ಅವನದು ಮುಗಿದು ಎಲ್ಲಿ ನನ್ನದು ಶುರುವಾಗುತ್ತದೆ ಎಂದು ನನಗೇ ಕಾಣಲಿಲ್ಲ. ಹೂವಿಲ್ಲ, ಗೆರೆಯಿಲ್ಲ, ಬರೀ ಒಂದು ಬಣ್ಣ. ನಾನು ಈವರೆಗೆ ಮಾಡಿದ್ದರಲ್ಲಿ ಇದೇ ಎಲ್ಲಕ್ಕಿಂತ ಚಲೋ ಕೆಲಸ.

ಮೂರನೆಯ ಭಾನುವಾರ ಹೋದೆ. ಆಯಿ ಅದೇ ಗುಲಾಬಿ ಕುಬಸ ತೊಟ್ಟು ಕೂತಿದ್ದಳು. ನೆಗಡಿ ಹೋಯಿತೇ ಎಂದು ಕೇಳಿ ಹತ್ತಿರ ಕರೆದಳು. ಕೂರಲಿಲ್ಲ, ಕೂತರೆ ಹೇಳಲಾಗುವುದಿಲ್ಲ ಎಂದು ಗೊತ್ತಿತ್ತು. ನಿಂತೇ ಹೇಳಿದೆ. ಅಂದು ಹೌದು ಎಂದದ್ದು ಸುಳ್ಳು, ಅಂದಾಜಿಗೆ ಹಾಕಿದ ಬಣ್ಣ ಅದು, ನಿಮ್ಮಪ್ಪನ ಕೈಯ ಗುರುತು ಈಗ ಸಿಕ್ಕಿದೆ, ಇದು. ಹಾಳೆಯನ್ನು ಅವಳ ತೊಡೆಯ ಮೇಲೆ ಇಟ್ಟೆ.

ಅವಳು ಅದನ್ನು ಎತ್ತಿ ಕಿಟಕಿಗೆ ಹಿಡಿದಳು. ಈಚೆ ವಾಲಿಸಿದಳು, ಆಚೆ ವಾಲಿಸಿದಳು. ಕೆಂಪು ಬಂದು ಹೋದದ್ದು ಅವಳಿಗೂ ಕಂಡಿರಬೇಕು. ಸೊಸೆ ಬಾಗಿಲಲ್ಲಿ ನಿಂತಿದ್ದಳು.

ಕಡೆಗೆ ಆಯಿ ತನ್ನ ತೋಳು ಮುಟ್ಟಿಕೊಂಡು ಕೇಳಿದಳು. "ಹಂಗಾರ ಇದು ಯಾರ ಬಣ್ಣ?"

"ನಂದ್ರೀ ಆಯಿ."

ಅವಳು ಬೈಯಲಿಲ್ಲ. ಬೈದಿದ್ದರೆ ನಾನು ಕಾಲು ಹಿಡಿಯುತ್ತಿದ್ದೆ. ಸೊಸೆಯನ್ನು ಕರೆದು ನನ್ನ ಮುಂದೆಯೇ ಗುಂಡಿ ಬಿಚ್ಚಿಸಿದಳು. ತೋಳಿನಿಂದ ಕುಬಸ ಎಳೆಯುವಾಗ ಸೊಸೆ, "ಇರ್ಲಿ ಬಿಡ ಬೇ, ಹೊಸಾದು ಹೊಲಿಸೂತನಕ," ಎಂದಳು. ಆಯಿ ಕೇಳಲಿಲ್ಲ. ಸೆರಗು ಎದೆಗೆ ಸುತ್ತಿಕೊಂಡು, ನೇರಳೆ ಹಾಳೆಯನ್ನು ಅದರ ಮೇಲೆ ಒತ್ತಿ ಹಿಡಿದುಕೊಂಡಳು. ಬಣ್ಣ ಸುಕ್ಕಾಗುತ್ತದೆ ಎಂದು ನನ್ನ ನಾಲಿಗೆಯ ತುದಿಗೆ ಬಂದದ್ದು ಅಲ್ಲಿಯೇ ನಿಂತಿತು.

ಕುಬಸವನ್ನು ತಾನೇ ಮಡಚಿದಳು. ನಾಲ್ಕು ಮಡಿಕೆ ಮಾಡಿ ನನ್ನ ಕೈಗೆ ಕೊಟ್ಟಳು.

"ನಿಮ್ಮದು ನೀವು ಒಯ್ಯಿರಿ ಅಕ್ಕೋರ," ಎಂದಳು. ಆಮೇಲೆ ಹಾಳೆಯ ಜೊತೆ ಗೋಡೆಯ ಕಡೆ ತಿರುಗಿ ಮಲಗಿದಳು.

ಸೊಸೆ ಬಾಗಿಲವರೆಗೆ ಬಂದಳು, ಊಟ ಮಾಡಿ ಹೋಗಿರಿ ಎನ್ನಲಿಲ್ಲ. ಚೀಲದಲ್ಲಿ ಜಾಗವಿತ್ತು, ಆದರೂ ನಾನು ಆ ಕುಬಸವನ್ನು ಕೈಯಲ್ಲೇ ಹಿಡಿದುಕೊಂಡು ನಡೆದೆ. ಬಸ್ ಸ್ಟ್ಯಾಂಡ್ ಮುಟ್ಟಿದಾಗಲೂ ಅದು ಅವಳ ಮೈಯ ಬಿಸಿಗೆ ಬೆಚ್ಚಗಿತ್ತು.